ವಿನೋದಿನಿಯ ‘ಅಂದ್ರ?’

ಮುಂಬಯಿಯಲ್ಲಿ ಬಾಳಬೇಕಾದರೆ ತಲೆಯಾಡಿಸುವ ವಿದ್ಯೆ ಕರಗತವಾಗಿರಬೇಕು. ಅರ್ಥವಾಗಲಿ ಬಿಡಲಿ, ಎದುರಿನವರ ಮಾತು ಮುಗಿಯುವ ಮೊದಲೇ ‘ಹಾಂ, ಹಾಂ’ ಎಂದು ಗೋಣು ಹಾಕಿ ಗಾಡಿ ಹಿಡಿಯಲು ಓಡುವವರ ಊರಿದು. ಈ ಊರಿನಲ್ಲೇ ಹುಟ್ಟಿ, ಬೆಳೆದು, ಐವತ್ತರ ಹೊಸ್ತಿಲಿಗೆ ಬಂದರೂ ವಿನೋದಿನಿಗೆ ಆ ಒಂದು ವಿದ್ಯೆ ಮಾತ್ರ ತಲೆಗೆ ಹತ್ತಲಿಲ್ಲ. ತಿಳಿಯದ ಮಾತು ಕಿವಿಗೆ ಬಿದ್ದೊಡನೆ ಅವಳ ಬಲಗೈ ಟ್ರಾಫಿಕ್ ಪೊಲೀಸನ ಕೈಯಂತೆ ಮೇಲೇಳುತ್ತದೆ, ಹುಬ್ಬುಗಳು ಕೂಡುತ್ತವೆ, ಬಾಯಿಂದ ಒಂದೇ ಮಾತು ಹೊರಡುತ್ತದೆ: “ಅಂದ್ರ?”

ಈ ‘ಅಂದ್ರ?’ ಅವಳಿಗೆ ತಂದೆಯಿಂದ ಬಂದ ಆಸ್ತಿ, ಆದರೆ ತಿರುವುಮುರುವಾಗಿ. ಧಾರವಾಡದ ಕಡೆಯಿಂದ ಬಂದು ಭಾಂಡುಪ್ಪಿನ ಕಾರ್ಖಾನೆ ಸೇರಿದ್ದ ಗುರಲಿಂಗಪ್ಪನವರು ಯಾರು ಏನೆಂದರೂ “ಹೌದ್ರಿ” ಎನ್ನುತ್ತಿದ್ದ ಸಾತ್ವಿಕ ಜೀವ. ಒಮ್ಮೆ ದಾದರಿನಲ್ಲಿ ಮದುವೆ ಉಂಡು ಹೆಂಡತಿ ಮಕ್ಕಳೊಡನೆ ಹಿಂದಿರುಗುವಾಗ, ‘ಇದು ಫಾಸ್ಟ್’ ಎಂದು ಯಾರೋ ಪುಣ್ಯಾತ್ಮರು ಎಚ್ಚರಿಸಿದ್ದಕ್ಕೂ “ಹೌದ್ರಿ” ಎಂದು ಎಲ್ಲರನ್ನೂ ಗಾಡಿ ಹತ್ತಿಸಿದರು. ಕಣ್ಣೆದುರಿಗೇ ಭಾಂಡುಪ್ ಬಂತು, ಕಣ್ಣೆದುರಿಗೇ ಹೋಯಿತು. “ಅಪ್ಪಾ, ಫಾಸ್ಟ್ ಅಂದ್ರ?” ಎಂದು ಪುಟ್ಟ ವಿನೋದಿನಿ ಕೇಳಿದಳು. “ನಮ್ಮ ಸ್ಟೇಷನ್‌ನ್ಯಾಗ ನಿಲ್ಲದ್ದು ಅಂತ ಕಾಣ್ತೈತಿ, ಮಗಳ” ಎಂದರು ತಂದೆ, ಠಾಣೆಯಲ್ಲಿ ಇಳಿಯುತ್ತ.

ತಂದೆ ಹೋದ ಮೇಲೆ ಅವರ ಕಂದು ಬಣ್ಣದ ಕೋಟು ಮಗಳಿಗೆ ಬಂತು. ತೋಳುಗಳನ್ನು ಮಡಚಿ, ಜೇಬಿನಲ್ಲಿ ಪೆಪ್ಪರಮಿಂಟು, ಪಿನ್ನು ತುಂಬಿಕೊಂಡು ಅವಳು ದಿನವೂ ಅದನ್ನೇ ಧರಿಸುತ್ತಾಳೆ. ಆಫೀಸಿನ ಏಸಿಗೆ ಅದು ಬೇಕೇ ಬೇಕು ಎನ್ನುತ್ತಾಳೆ; ಮೇ ತಿಂಗಳಲ್ಲಿ ಬೆವರು ಧಾರಾಕಾರವಾಗಿ ಹರಿಯುವ ಲೋಕಲ್ಲಿನಲ್ಲಿ ಏಕೆ ಬೇಕೆಂಬುದಕ್ಕೆ ಮಾತ್ರ ಉತ್ತರವಿಲ್ಲ. ಗಾಡಿ ಆಗಲೇ ಹೊರಟುಬಿಟ್ಟಿದೆಯೇನೋ ಎಂಬಂತೆ ಮುಂದಕ್ಕೆ ಬಾಗಿ ನಡೆಯುವ ಅವಳ ಹಿಂದೆ ಆ ಕೋಟು ಪಟಪಟ ಹಾರುತ್ತಿರುತ್ತದೆ.

ಆಫೀಸು ಘಾಟ್ಕೋಪರಿನಲ್ಲಿ. ಯಾರಾದರೂ ಫೋನಿನಲ್ಲಿ ಏನನ್ನಾದರೂ ಹುಡುಕಿದರೆ ತಮ್ಮ ಗಿರಾಕಿಗಳ ಅಂಗಡಿಯೇ ಮೊದಲು ಕಾಣುವಂತೆ ಮಾಡುವುದು ಅಲ್ಲಿಯ ಕಸುಬು. ಎಸ್‌ಇಒ ಎಂದು ಅದಕ್ಕೆ ಹೆಸರು. ಅವಳ ಸಾಹೇಬ ಧನರಾಜ್, ಅವಳ ಅರ್ಧ ವಯಸ್ಸಿನವನು, ಮೀಟಿಂಗಿನಲ್ಲಿ ಅರಳು ಹುರಿದಂತೆ ಪರಿಭಾಷೆಗಳನ್ನು ಹಾರಿಸುತ್ತಾನೆ. ಅರ್ಥ ಗೊತ್ತಿದ್ದೂ ವಿನೋದಿನಿ ಕೈಯೆತ್ತುತ್ತಾಳೆ, ಏಕೆಂದರೆ ಗೋಡೆಗೆ ಒರಗಿ ಕುಳಿತ ಗಿರಾಕಿಗಳು, ಕಿರಾಣಿಯವರು, ಫರ್ಸಾಣಿನ ಖಾರಾ ತಿಂಡಿಯವರು, ಸುಮ್ಮನೆ ಗೋಣು ಹಾಕುತ್ತಿರುವುದು ಅವಳಿಗೆ ಕಾಣುತ್ತದೆ. “ಆಂಟೀ, ಆಪ್ ಭೀ ನಾ!” ಎಂದು ಧನರಾಜ್ ಹಣೆ ಚಚ್ಚಿಕೊಂಡ ಮೇಲೆ ಅರ್ಥ ಹೇಳುವ ಕೆಲಸ ಅವಳಿಗೇ ಬರುತ್ತದೆ. ಬೌನ್ಸ್ ರೇಟ್ ಎಂದರೆ ಹೊಸ್ತಿಲ ತನಕ ಬಂದು, ಚಪ್ಪಲಿ ಬಿಡದೆ ತಿರುಗಿ ಹೋದವರ ಲೆಕ್ಕ. ಕ್ರಾಲರ್ ಎಂದರೆ ಜನಗಣತಿಯ ಮಾಸ್ತರ. ಬಾಗಿಲು ಹಾಕಿಕೊಂಡಿದ್ದರೆ ನಿಮ್ಮ ಮನೆಯಲ್ಲಿ ಯಾರೂ ಇಲ್ಲವೆಂದು ಬರೆದುಕೊಂಡು ಹೋಗುತ್ತಾನೆ. ಬ್ಯಾಕ್‌ಲಿಂಕ್ ಎಂದರೆ ಬಾಜೂ ಮನೆಯವರ ಮಾತು. ಹೆಣ್ಣು ನೋಡಲು ಬಂದವರೆದುರು ತಾಯಿ ತಾನೇ ಮಗಳನ್ನು ಹೊಗಳಿದರೆ ಯಾರು ಕೇಳುತ್ತಾರೆ? ಪಕ್ಕದ ಮನೆಯವಳು ಹೊಗಳಬೇಕು.

ಭಾನುವಾರ ಈ ವಿದ್ಯೆಯೆಲ್ಲ ಭಾಂಡುಪ್ಪಿನ ಚಾಳಿನ ಒಂದು ಕೋಣೆಗೆ ಧಾರೆಯಾಗುತ್ತದೆ. ಅಲ್ಲಿ ವಿಜಯಪುರದ ಕಡೆಯ ಮಹಾದೇವಿ ಮತ್ತವಳ ಗೆಳತಿಯರು ಹಳೆಯ ಸೀರೆಗಳನ್ನು ಒಂದರ ಮೇಲೊಂದು ಜೋಡಿಸಿ ಕೌದಿ ಹೊಲಿಯುತ್ತಾರೆ. ಇಟ್ಟಿಗೆ ಹೊತ್ತು ಸೊಂಟ ಬಿದ್ದುಹೋದ ಹೆಂಗಸರು ಅವರು. ದಸರೆಯೊಳಗೆ ಕೆಲಸ ಹೆಚ್ಚದಿದ್ದರೆ ಬಾಡಿಗೆ ಹುಟ್ಟದೆ ಕೋಣೆ ಬಿಡಬೇಕು, ಕೋಣೆ ಬಿಟ್ಟರೆ ಮತ್ತೆ ಇಟ್ಟಿಗೆಯೇ ಗತಿ. ವಿನೋದಿನಿ ಅವರಿಗೊಂದು ವೆಬ್‌ಸೈಟ್ ಮಾಡಿಕೊಟ್ಟು, ಅದರಲ್ಲಿ ಕೌದಿಯ ಪಕ್ಕದಲ್ಲೇ ಮರಾಠಿಯಲ್ಲಿ ‘ಗೋಧಡಿ’ ಎಂದೂ ಬರೆದಾಗ ಮಹಾದೇವಿಗೆ ಮುನಿಸು ಬಂತು.

“ನಮ್ಮ ಕೌದಿಗೆ ಮಂದಿ ಹೆಸರು ಯಾಕ್ರಿ ಅಕ್ಕಾರ?”

“ಕೀವರ್ಡ್ ಅಂದ್ರ ಹಸದವರ ಬಾಯಾಗಿನ ಮಾತು, ಮಹಾದೇವಿ. ಅಡಗಿ ಮಾಡಿದವರ ಬಾಯಾಗಿಂದಲ್ಲ. ಇಲ್ಲಿ ಮಂದಿ ಗೋಧಡಿ ಅಂತನ ಹುಡುಕ್ತಾರ.”

ಮಾತು ಫಲಿಸಿತು, ಕೌದಿ ಮಾಡಿಸಲು ಮನೆಮನೆಗಳಿಂದ ಹಳೆಯ ಸೀರೆಗಳು ಬರತೊಡಗಿದವು. ಅಷ್ಟರಲ್ಲಿ, ಮಳೆಗಾಲದ ನಡುವೆ, ಜೋಗೇಶ್ವರಿಯ ಸ್ನೇಹಲ್ ಎಂಬ ಹುಡುಗಿಯಿಂದ ಒಂದೇ ಒಂದು ನಕ್ಷತ್ರದ ರಿವ್ಯೂ ಬಿತ್ತು: ‘ತೀರಿಹೋದ ಅಮ್ಮನ ಸೀರೆ ಕೊಟ್ಟಿದ್ದೆ. ಕೌದಿಯ ಮೂಲೆಯಲ್ಲಿ ಕೊಳೆತ ತಿಂಡಿ, ಮೈತುಂಬ ಇರುವೆ. ಅಸಹ್ಯ.’

ಕೌದಿಯ ಕೊನೆಯ ಮೂಲೆಗೆ ಒಂದು ತುತ್ತು ಇಟ್ಟು ಹೊಲಿಯುವುದು ಆ ಹೆಂಗಸರ ಮನೆಮನೆಯ ಪದ್ಧತಿ. ಎಂದಿನಂತೆ ಒಣರೊಟ್ಟಿಯ ಚೂರಾಗಿದ್ದರೆ ಇರುವೆಗೆ ಸುಳಿವೂ ಹತ್ತುತ್ತಿರಲಿಲ್ಲ. ತಾಯಿಯನ್ನು ಕಳೆದುಕೊಂಡ ಮಗು ಎಂಬ ಮರುಕಕ್ಕೆ ಮಹಾದೇವಿ ಅಂದು ಹೋಳಿಗೆ ಇಟ್ಟಿದ್ದಳು. ಅಂಥ ಕೌದಿಯಡಿ ಮಲಗಿಯೇ ಬೆಳೆದ ವಿನೋದಿನಿ ತುತ್ತಿನ ಮಾತನ್ನು ವೆಬ್‌ಸೈಟಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಬರೆಯಬೇಕೆಂದು ಹೊಳೆದೂ ಇರಲಿಲ್ಲ, ಮನೆಯವರೆಲ್ಲರಿಗೂ ಗೊತ್ತಿರುವುದನ್ನು ಯಾರು ಯಾರಿಗೆ ಹೇಳುತ್ತಾರೆ! ಊರಿಗೆಲ್ಲ ಅರ್ಥ ಕೇಳಿದವಳು ತನ್ನ ಮನೆಯ ಮಾತಿಗೆ ಕೈಯೆತ್ತಿರಲಿಲ್ಲ.

ಹೊಸ ಸೀರೆಗಳು ಬರುವುದು ನಿಂತಿತು. ಧನರಾಜ್‌ಗೆ ಅವಳ ಮೇಲೆ ಒಳಗೊಳಗೇ ಅಕ್ಕರೆ. ತಾನಾಗಿಯೇ ಉಪಾಯ ಹೇಳಿದ. “ಸಿಂಪಲ್ ಹೈ, ಆಂಟೀ. ನೂರು ಗುಡ್ ರಿವ್ಯೂ ಹಾಕಸ್ತೀನಿ, ಆ ಒಂದು ಕೆಳಗೆ ದಬ್ ಜಾಯೇಗಾ. ತಿಂಡಿ ಇಡೋದು ಬಂದ್ ಮಾಡಿ.”

“ಬಾಡಿಗಿ ಬಾಜೂದವರು ಬ್ಯಾಡೋ ಧನರಾಜ್” ಎಂದಳು ವಿನೋದಿನಿ. ಆದರೆ ಎರಡನೆಯ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗಲಿಲ್ಲ. ಭಾನುವಾರ ಹೋಗಿ, ತುತ್ತು ಇಡುವುದು ಬೇಡವೆಂದು ಹೇಳಿದಾಗ ಮಹಾದೇವಿ ಸೂಜಿಯಿಂದ ಕಣ್ಣೆತ್ತದೆ, “ಆತು ಬಿಡ್ರಿ, ಇನ್ನ ಮ್ಯಾಲೆ ಉಪಾಸ ಕಳಸೂಣು” ಎಂದಳು.

ವಿನೋದಿನಿಯ ಕೈ ಮೇಲೆದ್ದಿತು. “ಉಪಾಸ ಅಂದ್ರ?”

“ಅಂದ್ರ ಏನ್ರಿ ಅಕ್ಕಾರ, ನಿಮಗ ಗೊತ್ತಿಲ್ಲೇನು? ಒಳಗ ಇರೂದು ಬರೇ ಸೀರಿ ಅಲ್ಲ, ಉಟ್ಟಾಕಿ. ಮಕ್ಕಳಿಗೆಲ್ಲ ಉಣಿಸಿ ಹೋದಾಕಿ ಅಕಿ. ಹೊಳ್ಳಿ ಮಗಳ ಮನಿಗೆ ಹೊಂಟಾಗ ಬರೇ ಹೊಟ್ಟೀಲೆ ಕಳಸಬಾರದು ಅಂತ ಒಂದು ತುತ್ತು ಇಡೂದು.”

ವಿನೋದಿನಿಗೆ ತುತ್ತಿನ ರೂಢಿ ಗೊತ್ತಿತ್ತು. ಅದರ ಅರ್ಥ ಗೊತ್ತಿರಲಿಲ್ಲ. ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು, ಅಲ್ಲೇ ಕುಳಿತು, ರಿವ್ಯೂವಿನ ಕೆಳಗೆ ಮಹಾದೇವಿಯ ಮಾತನ್ನೇ ಒಂದಕ್ಷರ ಅಲಂಕರಿಸದೆ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಬರೆದಳು. ಕೊನೆಗೆ, ‘ಹೋಳಿಗೆ ಇಟ್ಟದ್ದು ತಪ್ಪಾಯಿತು. ನಿಮಗೆ ಮೊದಲೇ ಹೇಳದಿದ್ದುದು ಅದಕ್ಕಿಂತ ದೊಡ್ಡ ತಪ್ಪು’ ಎಂದು ಸೇರಿಸಿದಳು.

ಮುಂದಿನ ಭಾನುವಾರ ಸ್ನೇಹಲ್ ಕೌದಿಯನ್ನು ಮಗುವಿನಂತೆ ಎದೆಗವಚಿಕೊಂಡು ಚಾಳಿನ ಬಾಗಿಲಿಗೆ ಬಂದು ನಿಂತಳು. ಮೂಲೆಯನ್ನು ಕತ್ತರಿಸಿ ತೊಳೆದಿದ್ದಳು. ಬೆಳಗಾವಿ ಕಡೆಯ ಮನೆತನದವಳಾದರೂ ಕನ್ನಡ ತಡೆತಡೆದು ಬರುತ್ತಿತ್ತು. “ಮಮ್ಮಿ ಕಭೀ ಹೇಳಲಿಲ್ಲ… ನನಗೆ ಗೊತ್ತಿರಲಿಲ್ಲ. ಮಮ್ಮಿಗೆ ಮತ್ತೆ ಊಟ… ಹಾಕ್ತೀರಾ?”

ಮಹಾದೇವಿ ಈ ಸಲ ಇರುವೆ ಮುಟ್ಟದಂತೆ ನಾಲ್ಕು ಜೋಳದ ಕಾಳು ತೆಗೆದು, ತಾನು ಇಡದೆ, ಆ ಹುಡುಗಿಯ ಅಂಗೈಯಲ್ಲಿಟ್ಟಳು. ಮಗಳು ತಾಯಿಗೆ ತುತ್ತಿಟ್ಟಳು. ಮಹಾದೇವಿ ಮೂಲೆ ಹೊಲಿದಳು.

ಸ್ನೇಹಲ್ ಆ ಒಂದು ನಕ್ಷತ್ರವನ್ನು ಅಳಿಸಲಿಲ್ಲ, ಅಳಿಸೆಂದು ವಿನೋದಿನಿಯೂ ಕೇಳಲಿಲ್ಲ. ಹುಡುಗಿ ಅದರ ಕೆಳಗೆ ನಡೆದದ್ದನ್ನು ಬರೆದಳು, ತನ್ನ ಬ್ಲಾಗಿನಲ್ಲೂ ಬರೆದು ಕೌದಿಯವರ ವಿಳಾಸ ಜೋಡಿಸಿದಳು. ಓದಿದವರು ತಮ್ಮವರಿಗೆ ಹೇಳಿದರು, ಸೀರೆಗಳು ಮತ್ತೆ ಬರತೊಡಗಿದವು. ದಸರೆಗೆ ಕೋಣೆ ಉಳಿಯಿತು. “ಬ್ಯಾಕ್‌ಲಿಂಕ್, ಆಂಟೀ!” ಎಂದು ಕುಣಿದ ಧನರಾಜ್‌ಗೆ ವಿನೋದಿನಿ ಪೆಪ್ಪರಮಿಂಟು ಕೊಟ್ಟು, “ಬಾಜೂ ಮನಿಯಾಕಿ ಅನ್ನೋ” ಎಂದಳು.

ಬಲ್ಲವರಿಗೆ ಲೋಕದಲ್ಲಿ ಬರವಿಲ್ಲ. ಬಲ್ಲವರ ಗಾಡಿಗಳು ನಮ್ಮ ಕಣ್ಣೆದುರೇ ಧೂಳೆಬ್ಬಿಸುತ್ತ ಸಾಗಿಹೋಗುತ್ತಿರುತ್ತವೆ, ನಾವು ತಿಳಿದವರಂತೆ ಗೋಣು ಹಾಕುತ್ತ ನಿಂತಿರುತ್ತೇವೆ. ವಿನೋದಿನಿಯಂಥವರು ಸ್ಲೋ ಲೋಕಲ್ಲಿನ ಜಾತಿಯವರು. ಅವರಿಂದ ಎಲ್ಲವೂ ತುಸು ತಡವಾಗುತ್ತದೆ, ಮೀಟಿಂಗು ಮುಗಿಯುವುದಿಲ್ಲ, ಸಾಹೇಬರು ಹಣೆ ಚಚ್ಚಿಕೊಳ್ಳುತ್ತಾರೆ. ಆದರೆ ಅವರು ನಮ್ಮ ಸ್ಟೇಷನ್ನಿನಲ್ಲಿ ನಿಲ್ಲುತ್ತಾರೆ.