ನಾನೂರ ಹದಿನೇಳನೆಯ ಚೀಲ

ರೌಟಿಯೊ ಶವಪೆಟ್ಟಿಗೆಯ ಮುಂದೆ ಬಗ್ಗಿ, ಹೂಗುಚ್ಛದ ಪಟ್ಟಿಯನ್ನು ಹೆಬ್ಬೆರಳಿನಿಂದ ನೀವಿ, ಇಡೀ ಚರ್ಚಿಗೆ ಕೇಳಿಸುವಂತೆ ಓದಿದ.

"ಸೈಮಾಗೆ, ಪ್ರಯೋಗಾಲಯದ ಗೆಳೆಯರಿಂದ. ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳುವ ಧೈರ್ಯವಿದ್ದವಳಿಗೆ."

ಆಮೇಲೆ ಪೆಟ್ಟಿಗೆಯ ಬಿಳಿ ಮುಚ್ಚಳವನ್ನು ಎರಡು ಸಲ ತಟ್ಟಿದ, ಹಸುವಿನ ಬೆನ್ನು ತಟ್ಟುವ ಹಾಗೆ. ಮುಂದಿನ ಬೆಂಚಿನಲ್ಲಿದ್ದ ಸೈಮಾಳ ತಂಗಿ ಹೆಲ್ವಿ ಆ ಕೈಯನ್ನೇ ಹೇಸಿಗೆಯಿಂದ ನೋಡಿದಳು. ಅಕ್ಕನ ಮೇಲಧಿಕಾರಿಯಾಗಿದ್ದ, ಎಂಬತ್ತು ದಾಟಿದ ಈ ಮನುಷ್ಯ ಆ ತಪ್ಪನ್ನು ಸತ್ತವಳ ಎದೆಯ ಮೇಲೂ ಇಟ್ಟು ಕಳಿಸುತ್ತಿದ್ದಾನಲ್ಲ. ಹೆಲ್ವಿಗೆ ತನ್ನ ಮೇಲೂ ಅಷ್ಟೇ ಹೇಸಿಗೆ. ಲ್ಯಾಬಿನವರು ಅಕ್ಕನಿಗಿಟ್ಟ 'ಗ್ರೈಂಡರ್ ಸೈಮಾ' ಎಂಬ ಹೆಸರನ್ನು ಕ್ರಿಸ್ಮಸ್ ಊಟದ ಮೇಜಿನಲ್ಲಿ ಕೂಗಿ ನಕ್ಕವರಲ್ಲಿ ಅವಳೂ ಒಬ್ಬಳು.

ಸೈಮಾಳ ಮಗಳು ಮಿರ್ಯಾ ಪಿಸುಗುಟ್ಟಿದಳು. "ಚಿಕ್ಕಮ್ಮ, ಇವತ್ತೊಂದಿನ ಸುಮ್ನಿರು."

"ನಾನೇನಂದೆ ಈಗ?"

"ಅನ್ನೋದೇನು ಬೇಕಾಗಿಲ್ಲ, ಮುಖದಲ್ಲೇ ಇದೆ."

ಹೆಲ್ವಿ ತೊಡೆಯ ಮೇಲಿದ್ದ ಕೈಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಒಳಗಿನ ತಣ್ಣನೆ ಅಂಗೈಗೆ ತಾಗುತ್ತಿತ್ತು.

*

ಮೂವತ್ತೇಳು ವರ್ಷದ ಹಿಂದೆ, ಫಿನ್ಲೆಂಡಿನ ಆ ಪಶ್ಚಿಮ ಬಯಲಿನಲ್ಲಿ, ಓಟ್ಸ್ ಕಟಾವಿನ ಹೊತ್ತಿಗೆ ಮಳೆ ಬಿಡಲೇ ಇಲ್ಲ. ತೆನೆಗಳಿಗೆ ಹೊಲದಲ್ಲೇ ಗುಲಾಬಿ ಬಣ್ಣದ ಬೂಷ್ಟು ಹಿಡಿಯಿತು. ಅದು ಬಿಟ್ಟುಹೋಗುವ ವಿಷ ಕಣ್ಣಿಗೆ ಕಾಣುವುದಿಲ್ಲ, ವಾಸನೆಯೂ ಇಲ್ಲ. ತಿಂದ ಹಂದಿ ವಾಂತಿ ಮಾಡಿಕೊಂಡಾಗಲೇ ಗೊತ್ತಾಗುವುದು. ಹಂದಿಗಿಂತ ಮೊದಲು ಅದನ್ನು ಪತ್ತೆ ಮಾಡುವುದು ಸೈಮಾಳ ಕೆಲಸವಾಗಿತ್ತು.

ಬಂದ ಕಾಳನ್ನು ಎರಡು ಪಾಲು ಮಾಡಿ, ಮುಂದೆ ತಕರಾರು ಬಂದರೆ ಮತ್ತೆ ಪರೀಕ್ಷಿಸಲೆಂದು ಒಂದು ಪಾಲನ್ನು ಚೀಲದಲ್ಲಿ ಮುದ್ರೆ ಹಾಕಿ ಮುಚ್ಚಿಡಬೇಕು. ಇನ್ನೊಂದನ್ನು ಗ್ರೈಂಡರಿನಲ್ಲಿ ಪುಡಿಮಾಡಿ, ದ್ರಾವಕದಲ್ಲಿ ಕುಲುಕಿ, ಸೋಸಿ, ಬತ್ತಿಸಿ, ಉಳಿದ ಹನಿಯನ್ನು ಗಾಜಿನ ಫಲಕದ ಮೇಲೆ ಚುಕ್ಕಿಯಾಗಿ ಇಡಬೇಕು. ಫಲಕದ ಬುಡವನ್ನು ದ್ರಾವಕದಲ್ಲಿ ನಿಲ್ಲಿಸಿ, ಚುಕ್ಕಿ ಮೇಲೇರಿದ ಮೇಲೆ ಅಲ್ಯೂಮಿನಿಯಂ ಉಪ್ಪಿನ ನೀರು ಸಿಂಪಡಿಸಿ, ಬಿಸಿಮಾಡಿ, ಕತ್ತಲೆ ಕೋಣೆಯ ನೇರಳೆ ದೀಪದ ಕೆಳಗೆ ಹಿಡಿಯಬೇಕು. ವಿಷವಿದ್ದರೆ ಅಲ್ಲಿ ನೀಲಿ ಹೊಳೆಯುತ್ತದೆ.

ನಾನೂರ ಹದಿನೇಳನೆಯ ಮಾದರಿ ಮಕ್ಕಳ ಗಂಜಿಯ ಓಟ್ಸ್ ಮಾಡುವ ಗಿರಣಿಯದು. ನೀಲಿ ಬಂತು. ಸೈಮಾ ಗ್ರೈಂಡರ್ ಬಿಚ್ಚಿ ತೊಳೆದು ಮತ್ತೆ ಮತ್ತೆ ಮೊದಲಿನಿಂದ ಮಾಡಿದಳು.

ಲ್ಯಾಬಿನ ಮುಖ್ಯಸ್ಥ ರೌಟಿಯೊ ಗಿರಣಿಯವರೊಂದಿಗೆ ಊಟ ಮುಗಿಸಿ ಬಂದ. ಬಾಯಲ್ಲಿ ಹೊಗೆಯಾಡಿಸಿದ ಮೀನಿನ ನಾತ. ಅವಳ ಹೆಗಲ ಮೇಲಿಂದ ಬಗ್ಗಿ ಫಲಕ ನೋಡಿ, ದೀಪ ಆರಿಸಿದ.

"ಹಿಂದಿನ ಮಾದರಿ ಹಿಟ್ಟು ಗ್ರೈಂಡರಲ್ಲಿ ಉಳ್ಕೊಂಡಿತ್ತು, ನಾನು ಸರಿಯಾಗಿ ತೊಳೀಲಿಲ್ಲ ಅಂತ ಬರ್ಕೊಡು ಸೈಮಾ. ಇಲ್ದಿದ್ರೆ ಗಿರಣಿಯೋರು ಕೆಲಸ ಕೊಡೋದು ನಿಲ್ಲಿಸ್ತಾರೆ, ಈ ಲ್ಯಾಬ್ ಮುಚ್ಚತ್ತೆ. ಎಂಟು ಜನರ ಅನ್ನ."

ಗಂಡ ಬಿಟ್ಟುಹೋಗಿದ್ದ, ಮಿರ್ಯಾಗೆ ನಾಲ್ಕು ವರ್ಷ. ಸೈಮಾ ಬರೆದುಕೊಟ್ಟಳು. ರೌಟಿಯೊ ವರದಿಯಲ್ಲಿ 'ವಿಷವಿಲ್ಲ' ಎಂದು ಬರೆದು ಸಹಿ ಹಾಕಿದ. ಮೂವತ್ತು ಟನ್ ಓಟ್ಸ್ ಮಕ್ಕಳ ಬಟ್ಟಲಿಗೆ ಹೋಯಿತು. ಮುಚ್ಚಿಟ್ಟ ಪಾಲನ್ನು ಎಸೆಯಲು ಅವನೇ ಹೇಳಿದ್ದ. ಅವಳು ಅದನ್ನು ಕೋಟಿನೊಳಗಿಟ್ಟು ಮನೆಗೆ ತಂದಳು. ಅಂದಿನಿಂದ ಆ ಮನೆಯಲ್ಲಿ ಓಟ್ಸ್ ಗಂಜಿ ಬೇಯಲಿಲ್ಲ. ಅಮ್ಮನಿಗೆ ಸೇರುವುದಿಲ್ಲ ಎಂದೇ ಮಿರ್ಯಾ ತಿಳಿದಿದ್ದಳು.

*

ಶವಸಂಸ್ಕಾರಕ್ಕೆ ಮೂರು ದಿನ ಮೊದಲು, ಅಂದಿನ ಕಾಫಿಗೆ ಬನ್ನುಗಳೇನಾದರೂ ಸಿಗುತ್ತವೆಯೇ ಎಂದು ಹೆಲ್ವಿ ಅಕ್ಕನ ಫ್ರೀಜರನ್ನು ತಳದವರೆಗೆ ಬಗೆದಳು. ಕಾಡಿನ ಹಣ್ಣುಗಳ ಡಬ್ಬಿಗಳ ಕೆಳಗೆ, ಮಂಜುಗಟ್ಟಿದ ಚೀಲವೊಂದು ಸಿಕ್ಕಿತು. ಮೇಲೆ ನಂಬರು, ಲ್ಯಾಬಿನ ಮುದ್ರೆ, ಅಕ್ಕನ ಅಕ್ಷರದಲ್ಲಿ ಒಂದು ಸಾಲು. ಓದಿ, ಹೆಲ್ವಿ ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟಳು.

*

ಮಣ್ಣಾದ ಮೇಲೆ ಎಲ್ಲರೂ ಚರ್ಚಿನ ಸಭಾಂಗಣದಲ್ಲಿ ಕಾಫಿಗೆ ಸೇರಿದರು. ಸ್ಯಾಂಡ್ವಿಚ್ ಕೇಕು ಖಾಲಿಯಾಯಿತು, ಸಂತಾಪದ ಪತ್ರಗಳನ್ನು ಓದಿದ್ದಾಯಿತು. ರೌಟಿಯೊ ಲ್ಯಾಬಿನ ಹಳಬರ ಮಧ್ಯೆ ಕೂತು ಓಟ್ಸ್ ಬಿಸ್ಕತ್ತು ಮುಕ್ಕುತ್ತಿದ್ದ. ತುಟಿಯ ಮೂಲೆಯಲ್ಲಿ ಬೆಣ್ಣೆ, ಗದ್ದದ ಮೇಲೆ ಪುಡಿ. ಸೈಮಾ ತಪ್ಪು ಮಾಡಿದರೂ ತಾನು ಕೆಲಸದಿಂದ ತೆಗೆಯಲಿಲ್ಲ ಎಂದು ಬಾಯಿ ತುಂಬಿಕೊಂಡೇ ಹೇಳುತ್ತಿದ್ದ. ಆಗ ಗ್ರೈಂಡರ್ ಕೋಣೆಯಲ್ಲಿ ಕೆಲಸಕ್ಕಿದ್ದ ಆರ್ವೊ ಹೌದೆಂದು ತಲೆಯಾಡಿಸುತ್ತಿದ್ದ. ಹೆಲ್ವಿ ಕಾಫಿಯ ಕೆಟಲು ಹಿಡಿದು ಬಂದು ನಿಂತಳು.

"ಬಿಸ್ಕತ್ತು ಹಿಡಿಸ್ತಾ, ರೌಟಿಯೊ ಅವ್ರೆ?"

"ನಾಲ್ಕನೇದು ಇದು. ನೀವೇ ಮಾಡಿದ್ದಾ?"

"ನಾನೇ. ಓಟ್ಸ್ ಮಾತ್ರ ಅಕ್ಕಂದು. ಫ್ರೀಜರಲ್ಲಿ ಇಟ್ಟಿದ್ಲು. ಚೀಲದ ಮೇಲೆ ನಾನೂರ ಹದಿನೇಳು ಅಂತಿತ್ತು."

ರೌಟಿಯೊನ ದವಡೆ ನಿಂತಿತು.

"ಯಾಕೆ, ನುಂಗಿ," ಎಂದಳು ಹೆಲ್ವಿ. "ಅದ್ರಲ್ಲಿ ಏನೂ ಇಲ್ಲ ಅಂತ ಸಹಿ ಹಾಕಿದ್ದು ನೀವೇ ಅಲ್ವಾ."

ಅವನು ಬಿಳಿ ಕಾಗದದ ಕರವಸ್ತ್ರವನ್ನು ಬಾಯಿಗೊತ್ತಿಕೊಂಡ. ಬಾಯಲ್ಲಿದ್ದುದನ್ನೆಲ್ಲ ಉಗಿದ. ಸಾಲದೆಂಬಂತೆ ನಾಲಗೆಯನ್ನೂ ಒರೆಸಿಕೊಂಡ. ಸುತ್ತ ಕೂತವರೆಲ್ಲ ವಿಷದ ಲ್ಯಾಬಿನಲ್ಲೇ ಮುದುಕರಾದವರು. ಅವನೇಕೆ ಉಗಿದನೆಂದು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಆರ್ವೊ ತನ್ನ ಕುರ್ಚಿಯನ್ನು ಒಂದಡಿ ಆಚೆ ಸರಿಸಿಕೊಂಡ.

"ಚಿಕ್ಕಮ್ಮ, ಏನ್ ಮಾಡಿದೆ ನೀನು," ಎಂದು ಮಿರ್ಯಾ ಓಡಿ ಬಂದು ತೋಳು ಹಿಡಿದಳು.

"ಏನೂ ಇಲ್ಲ ಕಣೇ. ಮೊನ್ನೆ ಅಂಗಡಿಯಿಂದ ತಂದ ಓಟ್ಸು."

ಹೆಲ್ವಿ ರೌಟಿಯೊನ ತಟ್ಟೆಯಲ್ಲಿ ಉಳಿದಿದ್ದ ಬಿಸ್ಕತ್ತನ್ನು ತೆಗೆದು ಕಚ್ಚಿದಳು. ಇನ್ನೊಂದು ಕೈಯಿಂದ ಕೈಚೀಲ ಬಿಚ್ಚಿ, ಮುದ್ರೆ ಒಡೆಯದ ಆ ಹಳೆಯ ಚೀಲವನ್ನು ಅವನು ಉಗಿದಿಟ್ಟ ಕರವಸ್ತ್ರದ ಪಕ್ಕದಲ್ಲಿಟ್ಟಳು. ಕರಗಿದ ಮಂಜಿನ ನೀರಿಗೆ ಮೇಜಿನ ಬಿಳಿ ಬಟ್ಟೆ ಒದ್ದೆಯಾಗತೊಡಗಿತು. ಮಿರ್ಯಾ ಬಗ್ಗಿ, ಬೆರಳಿನಿಂದ ನೀರು ಒರೆಸಿ, ಅಮ್ಮನ ಅಕ್ಷರವನ್ನು ಎಲ್ಲರಿಗೂ ಕೇಳಿಸುವಂತೆ ಓದಿದಳು.

"ಗ್ರೈಂಡರ್ ಮೂರು ಸಲ ತೊಳೆದೆ. ಮೂರು ಸಲವೂ ನೀಲಿ."