ಅಮ್ಮಣ್ಣಿಯ ಮದುವೆಯಲ್ಲಿ ಕಾಂತಿ

ಸಿದ್ಧಕಟ್ಟೆಯ ಸುತ್ತ ಏಳು ಗ್ರಾಮಗಳಲ್ಲಿ ಅಮ್ಮಣ್ಣಿಯ ಮದುವೆಯಷ್ಟು ಜೋರಿನ ಮದುವೆ ಇನ್ನೊಂದು ಆದದ್ದಿಲ್ಲ. ಸಾವಿರ ಎಲೆ ಬಿದ್ದಿತ್ತು. ಕೋಳಿಸಾರಿನ ಘಾಟು ಮೂಡುಬಿದಿರೆಯವರೆಗೆ ಹೋಗಿ ಅಲ್ಲಿಯ ಜನ ಸೀನಿದ್ದರು. ಇದರಲ್ಲಿ ಅರ್ಧ ಸುಳ್ಳು ಎಂದು ಈಗಲೇ ಒಪ್ಪಿಬಿಡುವುದು ಒಳ್ಳೆಯದು. ಎಲೆ ಬಿದ್ದದ್ದು ಅರುವತ್ತೋ ಎಪ್ಪತ್ತೋ, ಸೀನಿದವನು ಅಡಿಗೆಯವನೊಬ್ಬನೇ. ಉಳಿದರ್ಧ ಮಾತ್ರ ಅಪ್ಪಟ ನಿಜ: ಮದುವೆ ಆಯಿತು, ಮತ್ತು ಮದುಮಗಳು ಸತ್ತು ಆಗ ಹತ್ತು ವರ್ಷವಾಗಿತ್ತು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಎರಡನೇ ವರ್ಷದ ಮಾತು. ಆರರ ಪ್ರಾಯದಲ್ಲಿ ಸಿಡುಬಿನಲ್ಲಿ ಹೋದ ಅಮ್ಮಣ್ಣಿ ಬದುಕಿದ್ದರೆ ಹದಿನಾರರ ಹುಡುಗಿ. ಹಾಗೆ ಹೋದ ಮಕ್ಕಳು ಅಲ್ಲಿಯೂ ಬೆಳೆಯುತ್ತಾರೆ, ವಯಸ್ಸಿಗೆ ಬಂದಾಗ ಮನೆಯವರನ್ನು ಕಾಡಿ ಮದುವೆ ಕೇಳುತ್ತಾರೆ ಎಂಬುದು ಈ ಕಡೆಯ ನಂಬಿಕೆ. ಬದುಕಿರುವವರು ಮದುವೆ ಮಾಡಿಕೊಳ್ಳದ ಆಟಿ ತಿಂಗಳಲ್ಲಿ ಸತ್ತವರದು ನಡೆಯುತ್ತದೆ. ಸತ್ತವರ ಪ್ರೇತಕ್ಕೆ ಇಲ್ಲಿ ಕುಲೆ ಎನ್ನುತ್ತಾರೆ, ಹಾಗಾಗಿ ಅದಕ್ಕೆ ಕುಲೆಮದುವೆ ಎಂದು ಹೆಸರು.

ಅಮ್ಮಣ್ಣಿ ಕಾಡಿದ್ದು ತಂಗಿ ಕಾಂತಿಯನ್ನು. ಹಾಗೆಂದು ಮನೆಯವರು ತಿಳಿದುಕೊಂಡದ್ದು.

ಕಾಂತಿಗೆ ಹದಿನಾಲ್ಕು. ದೊಡ್ಡವಳಾದಳೆಂದು ಶಾಲೆ ಬಿಡಿಸಿ ಮಡಿಲಿಗೆ ಬೀಡಿ ಕಟ್ಟುವ ಮೊರ, ಅಂದರೆ ತಡ್ಪೆ, ಇಟ್ಟಿದ್ದರು. ಅದೂ ಹೋಗಲಿ, ಪಕ್ಕದ ಮನೆಯ ನಬೀಸಾ ಇದ್ದಳು. ಇಬ್ಬರೂ ಜಗಲಿಯಲ್ಲಿ ಕೂತು ಎಲೆ ಕತ್ತರಿಸುತ್ತ ಆಡುತ್ತಿದ್ದ ಮಾತನ್ನು ಮೂಟೆ ಕಟ್ಟಿದ್ದರೆ ಹೊರಲು ಎರಡು ಎತ್ತಿನಗಾಡಿ ಬೇಕಾಗುತ್ತಿತ್ತು. ಆ ನಬೀಸಾಳಿಗೆ ಕನ್ಯಾನದಲ್ಲಿ ಮದುವೆಯಾಯಿತು. ಕಾಂತಿಯ ಲೆಕ್ಕದಲ್ಲಿ ಕನ್ಯಾನ ಲಂಕೆಗಿಂತ ಎರಡು ಮೈಲಿ ಆಚೆ. ಎಮ್ಮೆ ಕಾಣೆಯಾಗಿದ್ದರೆ ಇಡೀ ಊರು ಹುಡುಕಲು ಹೊರಡುತ್ತಿತ್ತು. ಹೋದದ್ದು ಬರೀ ಗೆಳತಿಯಾದ್ದರಿಂದ ಯಾರೂ ವಿಚಾರಿಸಲಿಲ್ಲ.

ಮೊದಲು ನಗು ಹೋಯಿತು. ಆಮೇಲೆ ಹಸಿವು. ಕೋಳಿ ಕೂಗುವ ಮೊದಲೇ ಎಚ್ಚರವಾಗುತ್ತಿತ್ತು. ಎದ್ದು ಮಾಡುವುದೇನೂ ಇರಲಿಲ್ಲ. ಎದೆಯ ಮೇಲೆ ಯಾರೋ ಅರೆಯುವ ಕಲ್ಲು ಇಟ್ಟು ಮರೆತುಹೋದ ಹಾಗೆ. ಜ್ವರವಾದರೆ ಹಣೆ ಮುಟ್ಟಿಸಬಹುದು, ಮುಳ್ಳು ಹೊಕ್ಕರೆ ಕಾಲೆತ್ತಿ ತೋರಿಸಬಹುದು. ಇದನ್ನು ಎಲ್ಲಿ ಎಂದು ತೋರಿಸುವುದು? ಆದರೂ ಒಮ್ಮೆ ಅಡಿಗೆಕೋಣೆಯ ಬಾಗಿಲಿಗೆ ಹೋಗಿ ನಿಂತಿದ್ದಳು.

“ಅಮ್ಮಾ, ನಂಗೆ ಒಂದು ನಮೂನೆ ಆಗ್ತದೆ.”

“ಬಿಸಿಲಿಗೆ ಮಾರಾಯ್ತಿ. ಒಂದು ಗ್ಲಾಸು ಮಜ್ಜಿಗೆ ಕುಡಿ,” ಎಂದಳು ತಾಯಿ ವಾರಿಜಾಕ್ಷಿ, ಒಲೆಯಿಂದ ಮುಖ ಎತ್ತದೆ.

ಕಾಂತಿ ಮಜ್ಜಿಗೆ ಕುಡಿದಳು. ಆಮೇಲೆ ಮಾತಾಡುವುದನ್ನೇ ಬಿಟ್ಟಳು.

ಒಂದು ತಿಂಗಳಾಯಿತು. ತಂದೆ ಬೊಂಬಾಯಿಯ ಹೋಟೆಲಿನಲ್ಲಿ. ಮನೆಯ ಯಜಮಾನಿಕೆ ಸೋದರಮಾವ ಮುಂಡಪ್ಪನದು.

“ವಾರಿಜಾ, ಹುಡುಗಿಯ ಬಾಯಿಗೆ ಸುಮ್ಮನೆ ಬೀಗ ಬೀಳುವುದಿಲ್ಲ. ಪ್ರಶ್ನೆ ಇಡುವ,” ಎಂದ ಮುಂಡಪ್ಪ.

ಕವಡೆ ಹಾಕಿದ ಜೋಯಿಸರು ಕಣ್ಣುಮುಚ್ಚಿ ಹೇಳಿದರು: “ಈ ಮನೆಯಲ್ಲಿ ಒಂದು ಹೆಣ್ಣುಮಗು ಅಳ್ತಾ ಉಂಟು. ಕೇಳುವವರಿಲ್ಲ.”

ಸರಿಯಾಗಿಯೇ ಹೇಳಿದರು. ಯಾವ ಮಗು ಎಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ವಾರಿಜಾಕ್ಷಿ ಅಲ್ಲೇ ಕುಸಿದು, “ಅಯ್ಯೋ ನನ್ನ ಅಮ್ಮಣ್ಣೀ!” ಎಂದು ಅತ್ತಳು. ಕಂಬಕ್ಕೆ ಒರಗಿ ಕಾಂತಿ ನೋಡುತ್ತಿದ್ದಳು.

ಬೆಳ್ತಂಗಡಿ ಕಡೆಯಲ್ಲಿ ವರ ಸಿಕ್ಕಿದ. ಶೇಖರ ಎಂದು, ಹದಿನೆಂಟರಲ್ಲಿ ಮರದಿಂದ ಬಿದ್ದು ಸತ್ತವನು. ಅಂದಿನಿಂದ ಮನೆಯಲ್ಲಿ ಎಲ್ಲರ ಮಾತೂ ಅಮ್ಮಣ್ಣಿಯ ಜೊತೆಗೆ. “ಕೆಂಪು ಬಳೆ ಆಗ್ಬಹುದಾ ಮಗಾ, ಹಸಿರು ಬೇಕಾ?” ಎಂದು ತಾಯಿ ಗಾಳಿಯನ್ನು ಕೇಳುತ್ತಿದ್ದಳು. ಗಾಳಿಗೆ ಎರಡೂ ಆಗಬಹುದಿತ್ತು. ಮೂಲೆಯಲ್ಲಿ ತಡ್ಪೆ ಹಿಡಿದು ಕೂತವಳನ್ನು ಯಾರೂ ಏನೂ ಕೇಳಲಿಲ್ಲ.

ಮದುವೆಯ ದಿನ ಎರಡು ಮಣೆ ಹಾಕಿ ಒಂದರ ಮೇಲೆ ಸೀರೆ, ಒಂದರ ಮೇಲೆ ಪಂಚೆ ಇಟ್ಟು ಧಾರೆ ಎರೆದರು. ನೆಂಟರಲ್ಲಿ ಹಿರಿಯವಳಾದ ಪೂವಮ್ಮ ಎಲೆಅಡಿಕೆ ಜಗಿಯುತ್ತ ಹೇಳಿದಳು:

“ಮದುಮಗ ಚಿನ್ನದಂಥವ ಮಾರಾಯ್ರೆ! ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಸಾರಿಗೆ ಉಪ್ಪು ಕಡಿಮೆ ಅನ್ನುವುದಿಲ್ಲ. ಜೀವ ಇರುವವರಲ್ಲಿ ಇಂಥವ ಒಬ್ಬ ಉಂಟಾದ್ರೆ ಹೇಳಿ, ನಾನೂ ಇನ್ನೊಂದು ಆಗ್ತೇನೆ.”

ಚಪ್ಪರ ಬಿದ್ದುಹೋಗುವಷ್ಟು ನಗು. ಆ ನಗುವಿನ ನಡುವೆ ನಿಲ್ಲಲಾರದೆ ಕಾಂತಿ ಒಳಕೋಣೆಗೆ ಹೋಗಿ ಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿಮುಡಿಗಳ ಹಿಂದೆ ಮುದುಡಿ ಕುಳಿತಳು. ಸ್ವಲ್ಪದರಲ್ಲಿ ಅಲ್ಲಿಗೇ ಎಲ್ಲರೂ ಬಂದು, ಸತ್ತ ಗಂಡುಹೆಣ್ಣಿಗೆ ಎರಡು ಎಲೆ ಹಾಕಿ, ಅನ್ನ, ಕೋಳಿಸಾರು ಬಡಿಸಿದರು. ಕುಲೆಗಳು ಉಣ್ಣುವಾಗ ಯಾರೂ ನೋಡಬಾರದು. ಬಾಗಿಲು ಎಳೆದುಕೊಂಡು ಹೊರಟುಹೋದರು. ಒಳಗೊಬ್ಬಳು ಇದ್ದಾಳೆಂದು ಯಾರಿಗೂ ಗೊತ್ತಾಗಲಿಲ್ಲ.

ವಾರಿಜಾಕ್ಷಿ ಒಬ್ಬಳೇ ಬಾಗಿಲ ಹೊರಗೆ ಉಳಿದಳು. ಹಲಗೆಗೆ ಬಾಯಿ ಹಚ್ಚಿ ಮೆಲ್ಲಗೆ ಹೇಳಿದಳು:

“ಇಷ್ಟು ವರ್ಷ ನಾನು ಕೇಳಲೇ ಇಲ್ಲ ಮಗಾ. ತಪ್ಪಾಯ್ತು. ಈಗ ಹೇಳು. ಎಂಥ ಬೇಜಾರು ನಿಂಗೆ?”

ಮುಡಿಗಳ ಹಿಂದೆ ಕಾಂತಿ ತಲೆ ಎತ್ತಿದಳು. ಇಷ್ಟು ದಿನ ಕಾದು ಕೂತದ್ದು ಇದೊಂದು ಮಾತಿಗೆ. ಬಂತು, ಆದರೆ ಬೇರೆಯವರ ಹೆಸರಿಗೆ. ಈಗ ಸುಮ್ಮನಿದ್ದರೆ ಬಾಗಿಲು ತೆರೆಯುತ್ತಾರೆ, ಎಲೆ ತೆಗೆಯುತ್ತಾರೆ, ಕುಲೆಗೆ ತೃಪ್ತಿಯಾಯಿತು, ಹುಡುಗಿಗೆ ಗುಣವಾಯಿತು ಎನ್ನುತ್ತಾರೆ. ಆಮೇಲೆ ಜನ್ಮದಲ್ಲಿ ಯಾರೂ ಕೇಳುವುದಿಲ್ಲ.

“ಅಮ್ಮಣ್ಣಿಗೆ ಬೇಜಾರಿಲ್ಲ ಅಮ್ಮ,” ತುಕ್ಕು ಹಿಡಿದಂಥ ದನಿ ಹೊರಟಿತು. “ಬೇಜಾರು ನಂಗೆ.”

ಹೊರಗೆ ಬಳೆಯ ಸದ್ದು ನಿಂತಿತು. “ಯಾ... ಯಾರು?”

“ನಾನು, ಕಾಂತಿ. ಒಳಗೇ ಇದ್ದೇನೆ. ಎದೆ ಭಾರ ಆಗ್ತದೆ ಅಮ್ಮ. ಎಂಥಕ್ಕೆ ಅಂತ ಸರಿ ಗೊತ್ತಿಲ್ಲ. ನಬೀಸಾ ಹೋದ ಮೇಲೆ ನಂಗೆ ಯಾರೂ ಇಲ್ಲ. ಬೆಳಿಗ್ಗೆ ಏಳುವುದೇ ಬೇಡ ಅಂತ ಆಗ್ತದೆ.”

ವಾರಿಜಾಕ್ಷಿಯ ಕೈ ಬಾಗಿಲಿಗೆ ಹೋಯಿತು. ಚಪ್ಪರದಿಂದ ಮುಂಡಪ್ಪ ಓಡಿಬಂದ.

“ವಾರಿಜಾ! ಈಗ ತೆಗೀಲಿಕ್ಕಿಲ್ಲ! ಅವರು ಉಣ್ಣುವ ಹೊತ್ತು. ಮದುವೆ ಕೆಡ್ತದೆ!”

“ಕೆಡ್ಲಿ ಅಣ್ಣ. ಹೋದವಳು ಹತ್ತು ವರ್ಷ ಕಾದಿದ್ದಾಳೆ, ಇನ್ನೊಂದು ಗಳಿಗೆ ಕಾಯ್ತಾಳೆ. ಒಳಗೆ ಅಳುವುದು ಬದುಕಿರುವ ಮಗಳು.”

ಅವಳು ಒಳಹೊಕ್ಕು ಬಾಗಿಲು ಹಾಕಿಕೊಂಡಳು. “ನಮಗಾದರೂ ಎಲೆ ಹಾಕಿ ಮಾರಾಯ್ರೆ, ಹಸಿದು ನಾವೂ ಕುಲೆ ಆಗ್ತೇವೆ,” ಎಂದು ಪೂವಮ್ಮ ಎಲ್ಲರನ್ನೂ ಚಪ್ಪರಕ್ಕೆ ಅಟ್ಟಿದಳು.

ಒಳಗೆ ವಾರಿಜಾಕ್ಷಿ ಮಗಳ ಪಕ್ಕದಲ್ಲಿ ನೆಲಕ್ಕೆ ಕೂತಳು. ಹೊಟ್ಟೆನೋವಿಗೆ ಓಮ, ಕೆಮ್ಮಿಗೆ ಶುಂಠಿ. ಇದಕ್ಕೆ ಮಾತ್ರ ಅವಳಲ್ಲಿ ಮದ್ದಿರಲಿಲ್ಲ. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಮಗಳ ಕೂದಲಿನ ಸಿಕ್ಕು ಒಂದೊಂದಾಗಿ ಬಿಡಿಸಿದಳು. ಕೊನೆಗೆ ಒಂದೇ ಒಂದು ಮಾತು ಕೇಳಿದಳು. ಅಷ್ಟಕ್ಕೇ, ತಿಂಗಳುಗಟ್ಟಲೆ ತುಟಿ ಬಿಚ್ಚದ ಹುಡುಗಿ ನಡು ಮಧ್ಯಾಹ್ನ ಮಾತು ಶುರು ಮಾಡಿದವಳು, ಬೆಳ್ತಂಗಡಿಯ ನೆಂಟರೆಲ್ಲ ಬಸ್ಸು ಹತ್ತಿದರೂ ನಿಲ್ಲಿಸಿರಲಿಲ್ಲ.

ಅವಳು ಕೇಳಿದ್ದು ಏನಿರಬಹುದು? ಮನೆಯಲ್ಲಿ ಹದಿನಾಲ್ಕರ ಮಕ್ಕಳಿದ್ದವರು ಹೇಳಿ, ನೋಡುವ.