ಎರಡು ಬೆರಳಿನ ಬತ್ತಿ

ಜರ್ಮನ್ನರ ಹತ್ತಿರ ಕಾರ್ಖಾನೆಯಲ್ಲಿ ಮಾಡಿದ, ಮರದ ಹಿಡಿಯಿದ್ದ ಕೈಬಾಂಬುಗಳಿದ್ದವು. ನಮ್ಮವರಿಗೆ ಜಾಮಿನ ಡಬ್ಬಿ. 1914ರ ಮಹಾಯುದ್ಧ ಶುರುವಾಗಿ ಎಂಟು ತಿಂಗಳಾದರೂ ಮೇಲಿನ ದೊರೆಗಳಿಗೆ ಬಾಂಬು ಕಳಿಸಲು ಪುರುಸೊತ್ತಾಗಿರಲಿಲ್ಲ. ಜಾಮು ಕಳಿಸುವುದನ್ನು ಮಾತ್ರ ಪುಣ್ಯಾತ್ಮರು ಒಂದು ದಿನವೂ ಮರೆತವರಲ್ಲ! ಅದೇ ಪ್ಲಮ್ಮು-ಸೇಬಿನ ಜಾಮು, ಅದೇ ಹಲ್ಲು ಮುರಿಯುವ ಬಿಸ್ಕತ್ತು, ಪೆಟ್ರೋಲು ವಾಸನೆಯ ಚಹಾ. ನೆಕ್ಕಿ ಬಿಟ್ಟ ಡಬ್ಬಿಗಳೆಲ್ಲ ಇದ್ವಾಲನ ಕೈ ಸೇರುತ್ತಿದ್ದವು. ಅವನು ಸಿಡಿಮದ್ದು ತುಂಬಿ, ಮೊಳೆ ಸುರಿದು, ಜೇಡಿಮಣ್ಣು ಮೆತ್ತಿ, ನಡುವೆ ಬತ್ತಿ ನಿಲ್ಲಿಸುತ್ತಿದ್ದ. ಬತ್ತಿ ನಾಲ್ಕು ಬೆರಳು. ಹೊತ್ತಿಸಿ ನಾಲ್ಕು ಎಣಿಸಿದರೆ ಸಿಡಿಯಬೇಕು. ಐದು ಬೆರಳಾದರೆ ಜರ್ಮನ್ನನು ಎತ್ತಿ ವಾಪಸ್ಸು ಎಸೆಯುತ್ತಾನೆ. ಕಡಿಮೆಯಾದರೆ ಎಸೆಯುವವನ ಕತೆಯೇ ಮುಗಿಯಿತು.

ಆ ಬ್ರಿಟಿಷ್ ಕಂದಕದಲ್ಲಿದ್ದ ಸಿಪಾಯಿಗಳೆಲ್ಲ ವೇಲ್ಸಿನ ಒಂದೇ ಕಣಿವೆಯವರು, ಸ್ಲೇಟುಕಲ್ಲಿನ ಗಣಿಯಲ್ಲಿ ಬಂಡೆ ಸಿಡಿಸಿ ಬದುಕಿದವರು. ಗಣಿಯಲ್ಲಿ ಒಂದು ಪದ್ಧತಿಯಿತ್ತು. ಇನ್ನೊಬ್ಬನು ಕೊಟ್ಟ ಬತ್ತಿಯನ್ನು ಬೆರಳಿಟ್ಟು ಅಳೆಯದೆ ಯಾರೂ ಹೊತ್ತಿಸರು, ಅದರಲ್ಲಿ ಅವಮಾನವೇನಿಲ್ಲ. ಒಂದೇ ಬಂಡೆಗೆ ಹಗ್ಗ ಕಟ್ಟಿಕೊಂಡು ನೇತಾಡುವ ಜೊತೆಗಾರರು ಮಾತ್ರ ಒಬ್ಬರ ಬತ್ತಿಯನ್ನು ಇನ್ನೊಬ್ಬರು ಅಳೆಯುವುದಿಲ್ಲ. ಅಳೆದರೆ ಜೊತೆ ಮುರಿಯಿತೆಂದೇ ಲೆಕ್ಕ.

ಮಾರ್ಚಿನಲ್ಲಿ ಬಂದ ಹೊಸಬರ ತಂಡದಲ್ಲಿ ಗೊರೊನ್ವಿ ಇದ್ದ. ಆ ಮೋಟು ಗದ್ದ ಕಂಡೊಡನೆ ಇದ್ವಾಲನ ಮೈಯೆಲ್ಲ ಉರಿದುಹೋಯಿತು. ಎಲಿಸನ ಮಗ! ಹದಿನಾಲ್ಕು ವರ್ಷದ ಹಿಂದೆ, ಗಣಿಯ ಮುಷ್ಕರದಲ್ಲಿ ಇಡೀ ಕಣಿವೆ ಹೊಟ್ಟೆಗೆ ತಣ್ಣೀರುಬಟ್ಟೆ ಹಾಕಿಕೊಂಡು ಕೂತಿದ್ದಾಗ, ಎಲ್ಲರಿಗೂ ಬೆನ್ನು ತೋರಿಸಿ ಮೊದಲು ಕೆಲಸಕ್ಕೆ ಹೋದವನು ಎಲಿಸ್. ಉಳಿದ ಮನೆಗಳ ಕಿಟಕಿಯಲ್ಲೆಲ್ಲ ಒಂದೊಂದು ಚೀಟಿ ನಿಂತಿತ್ತು: ‘ಈ ಮನೆಯಲ್ಲಿ ದ್ರೋಹಿ ಇಲ್ಲ.’ ಇದ್ವಾಲನ ಮನೆಯಲ್ಲಿ ಚೀಟಿಯಿತ್ತು, ಹಿಟ್ಟಿರಲಿಲ್ಲ. ಆ ಚಳಿಗಾಲ ನಾಲ್ಕು ವರ್ಷದ ತಂಗಿ ಮೈರ್ ಬ್ರೆಡ್ಡು, ಬ್ರೆಡ್ಡು ಎನ್ನುತ್ತಲೇ ಕಣ್ಣು ಮುಚ್ಚಿದಳು. ಗೋಡೆಯಾಚೆ ಎಲಿಸನ ಮನೆಯಿಂದ ಹಂದಿಮಾಂಸ ಹುರಿಯುವ ವಾಸನೆ ಬರುತ್ತಿತ್ತು. ಅಂಥದ್ದನ್ನು ಮರೆಯುವವನು ಮನುಷ್ಯನೇ ಅಲ್ಲ.

ಯುದ್ಧಕ್ಕೆ ಹೊರಟಾಗ ಅವನ ಅವ್ವ ಆ ಹಳೆಯ ಚೀಟಿಯನ್ನು ಬೈಬಲ್ಲಿನೊಳಗಿಟ್ಟು ಕೊಟ್ಟಿದ್ದಳು. ಇದ್ವಾಲ್ ಅದನ್ನು ತೆಗೆದು, ಅವರೆಲ್ಲ ಮಲಗುತ್ತಿದ್ದ ನೆಲಗೂಡಿನ ಬಾಗಿಲಿಗೆ ಹಚ್ಚಿ ಮೊಳೆ ಹೊಡೆದ.

“ಓದೋಕೆ ಬರುತ್ತೇನೋ?”

ಗೊರೊನ್ವಿ ನಿಂತು ಓದಿದ. “ಬರುತ್ತೆ.”

“ಹಾಗಾದ್ರೆ ಹೊರಗೆ ಬಿದ್ಕೋ. ಈ ಗೂಡಲ್ಲಿ ಹೇನಿಗೂ ಒಂದು ಮರ್ಯಾದೆ ಇದೆ.”

ಅಂಗಿಯ ಹೊಲಿಗೆಗೆ ಮೇಣದಬತ್ತಿ ಹಿಡಿದು ಹೇನುಗಳನ್ನು ಚಟಚಟ ಸುಡುತ್ತಿದ್ದ ಮುದುಕ ಹ್ಯೂ ಕಿಸಕ್ಕನೆ ನಕ್ಕ. “ಹೂಂ ಮತ್ತೆ! ನಮ್ಮ ಹೇನೆಲ್ಲ ಮುಷ್ಕರದಲ್ಲಿ ಉಪವಾಸ ಕೂತಿದ್ದ ವಂಶದವು ಕಣಪ್ಪ.”

ಗೊರೊನ್ವಿ ತನ್ನ ಗಂಟು ಎತ್ತಿಕೊಂಡು ಹೊರನಡೆದ. ಮೂರು ವಾರ ಮಳೆಯಲ್ಲಿ, ಕಂದಕದ ಕಟ್ಟೆಯ ಮೇಲೆ ಗೋಣಿ ಹೊದ್ದು ಮಲಗಿದ. ಇಲಿಗಳು ಅವನ ಬೂಟು ಕಡಿದವು, ಕಾಲು ಊದಿ ನೀಲಿಯಾಯಿತು. ಇದ್ವಾಲನಿಗೆ ಅಷ್ಟು ಸಾಲಲಿಲ್ಲ. ಅವನಿಗೆ ಬೇಕಾಗಿದ್ದದ್ದು ಜೀವಕ್ಕೆ ಜೀವ.

ಕೈಗೆ ಬಂದ ತುತ್ತಿನ ಹಾಗೆ ಅದೂ ಬಂತು. ಎದುರು ಮೂಲೆಯ ಜರ್ಮನ್ ಮೆಷಿನ್‌ಗನ್ನು ನೀರು ತರಲು ಹೋದ ಇಬ್ಬರನ್ನು ಕೊಂದಿತ್ತು. ಸಾರ್ಜೆಂಟ್ ಟ್ರೆಫರ್ ಹೇಳಿದ: “ಬೆಳಕು ಹರಿಯೋ ಹೊತ್ತಿಗೆ ಸಣ್ಣ ಕಾಲುವೇಲಿ ತೆವಳಿಕೊಂಡು ಹೋಗಿ ನಾಲ್ಕು ಡಬ್ಬಿ ಎಸೀಬೇಕು. ಗೊರೊನ್ವಿ, ನಿನ್ನ ಕೈ ಉದ್ದ, ನೀನು ಹೋಗು. ಇಬ್ಬರು ಕಾವಲಿಗೆ. ಇದ್ವಾಲ್, ನೀನು ಕಾಲುವೆ ತಿರುವಿನಲ್ಲಿರು.”

ಕಾವಲಿನವರಿಗೆ ಒಂದೊಂದು ಡಬ್ಬಿ ಕಟ್ಟಿಟ್ಟು, ಇದ್ವಾಲ್ ಗೊರೊನ್ವಿಗೆಂದು ನಾಲ್ಕು ತಯಾರಿಸಿದ. ಮೂರಕ್ಕೆ ನಾಲ್ಕು ಬೆರಳು. ನಾಲ್ಕನೆಯದಕ್ಕೆ ಎರಡೇ ಬೆರಳು. ಅಳೆದು ಹಿಡಿದರೆ ಕಣ್ತಪ್ಪಿತು ಎಂದರಾಯಿತು; ಹಿಡಿಯದಿದ್ದರೆ ಮೈರಳ ಋಣ ತೀರಿತು.

ಬೆಳಗಿನ ಮಬ್ಬಿನಲ್ಲಿ ಚೀಲ ಬಿಚ್ಚಿದ. ಕಾವಲಿನವರಿಬ್ಬರೂ ತಮ್ಮ ಡಬ್ಬಿಗಳ ಬತ್ತಿಗೆ ಬೆರಳಿಟ್ಟು ಅಳೆದುಕೊಂಡರು. ಗೊರೊನ್ವಿ ಸುಮ್ಮನೆ ಕೈಯೊಡ್ಡಿದ, ನಾಲ್ಕನ್ನೂ ಜೋಳಿಗೆಗೆ ಇಳಿಸಿಕೊಂಡ.

“ಅಳೆದು ನೋಡಯ್ಯಾ,” ಎಂದ ಹ್ಯೂ.

“ಇದ್ವಾಲನ ಕೈಯ ಬತ್ತಿ. ಅದನ್ನೇನು ಅಳೆಯೋದು?”

ಎಲ್ಲರಿಗೂ ಕೇಳುವ ಹಾಗೆ ಹೇಳಿದ. ದ್ರೋಹಿಯ ಮಗ ತನ್ನನ್ನು ಜೊತೆಗಾರನೆಂದು ಕರೆದಿದ್ದ! ‘ತಡಿಯೋ’ ಎನ್ನಲು ಇದ್ವಾಲ್ ಬಾಯಿ ತೆರೆದ. ಹಂದಿಮಾಂಸದ ವಾಸನೆ ನೆನಪಾಯಿತು. ಖಾಲಿ ಚೀಲ ಮಡಚಿಕೊಂಡ.

ತಿರುವಿನ ಮಣ್ಣಿಗೆ ಬೆನ್ನು ಕೊಟ್ಟು ಅವನು ಎಣಿಸುತ್ತ ಕೂತ. ಬೆಂಕಿಕಡ್ಡಿ ಗೀರಿದ ಸದ್ದು. ಒಂದು, ಎರಡು, ಮೂರು, ನಾಲ್ಕು, ಢಮ್! ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ನಾಲ್ಕನೆಯ ಕಡ್ಡಿ ಗೀರಿತು. ಒಂದು, ಎರಡು—

ಢಮ್ ಎಂದಿತು. ಆಮೇಲೆ ಮೆಷಿನ್‌ಗನ್ನೂ ಇಲ್ಲ, ಮನುಷ್ಯರ ದನಿಯೂ ಇಲ್ಲ. ತೀರಿತು ಮೈರ್, ತೀರಿತು ಎಂದುಕೊಂಡ ಇದ್ವಾಲ್.

ಅಷ್ಟರಲ್ಲಿ ಕಾವಲಿನವರಿಬ್ಬರ ಹಿಂದೆ ಗೊರೊನ್ವಿ ತೆವಳುತ್ತ ಬಂದ. ಹುಬ್ಬು ಸುಟ್ಟಿತ್ತು, ತೋಳು ಹರಿದು ರಕ್ತ ಸೋರುತ್ತಿತ್ತು. ಜೀವ ಮಾತ್ರ ಗಟ್ಟಿಯಾಗಿತ್ತು.

ಇಣುಕುಕಿಂಡಿಯಲ್ಲಿ ನೋಡುತ್ತಿದ್ದ ಸಾರ್ಜೆಂಟ್ ಓಡಿ ಬಂದ. “ಭಲೇ! ಮೂರಕ್ಕೂ ಆ ನನ್ಮಕ್ಳು ಬಗ್ಗಿ ಬಚಾವಾದ್ರು. ಕೊನೇದು ನೆತ್ತಿ ಮೇಲೆ ಗಾಳೀಲೇ ಸಿಡಿದು ಎಲ್ಲರನ್ನೂ ಮಲಗಿಸಿಬಿಡ್ತು. ಅದೆಂಥ ಬಾಂಬಯ್ಯ?”

“ಇದ್ವಾಲ್ ನಂಗೇ ಅಂತ ಮಾಡಿಕೊಟ್ಟಿದ್ದು, ಸಾರ್,” ಎಂದ ಗೊರೊನ್ವಿ.

ಎಲ್ಲರೂ ಇದ್ವಾಲನ ಬೆನ್ನು ತಟ್ಟಿದರು. ಅವರು ಅತ್ತ ಹೋದ ಮೇಲೆ ಗೊರೊನ್ವಿ ಪಕ್ಕದಲ್ಲಿ ಕೂತು ತೋಳಿಗೆ ಬಟ್ಟೆ ಸುತ್ತಿಕೊಂಡ.

“ಜೋಳಿಗೇಲಿ ಹೆಬ್ಬೆರಳು ತಾಗ್ದಾಗ್ಲೇ ಗೊತ್ತಾಯ್ತು. ಎರಡು ಬೆರಳು. ನಾನೂ ಗಣಿಯವ್ನೇ ಕಣೋ, ಕಿಡಿ ಹತ್ತಿದ್ದೇ ಎಸೆದ್ಬಿಟ್ಟೆ.”

“ಮತ್ಯಾಕೆ ಹೊತ್ತಿಸ್ದೆ?”

“ನಮ್ಮಪ್ಪ ಮಾಡಿದ್ದು ತಪ್ಪೇ. ಆದ್ರೆ ಆಮೇಲೆ ಸಾಯೋವರೆಗೂ ಅವನ ಜೊತೆ ಒಂದು ನರಪಿಳ್ಳೆ ಮಾತಾಡ್ಲಿಲ್ಲ. ಹೆಣ ಹೊರೋಕೆ ನಾಲ್ಕು ಜನ ಸಿಗ್ಲಿಲ್ಲ. ನಾನೂ ಅವ್ವನೂ ತಳ್ಳುಗಾಡೀಲಿ ಹಾಕ್ಕೊಂಡು ಹೋದ್ವಿ. ನಿಮ್ಮನೆ ಕಿಟಕಿ ಮುಂದೇನೇ.” ಅವನು ಹಲ್ಲಿನಿಂದ ಗಂಟು ಬಿಗಿದ. “ಈಗ ಸಾರ್ಜೆಂಟಿಗೆ ಹೇಳಿದ್ರೆ ನಿನ್ನ ಕಂಬಕ್ಕೆ ಕಟ್ಟಿ ಗುಂಡು ಹೊಡೀತಾರೆ. ಎರಡು ನಿಮಿಷದ ಕೆಲ್ಸ. ಅಷ್ಟು ಸಸ್ತಾದಲ್ಲಿ ಬಿಡ್ತೀನಾ ನಿನ್ನ? ಯಾರಿಗೂ ಹೇಳಲ್ಲ. ದಿನಾ ನಿನ್ನ ಹತ್ರಾನೇ ಡಬ್ಬಿ ಇಸ್ಕೋತೀನಿ. ಎಲ್ಲರ ಮುಂದೆ, ಅಳೆಯದೇನೇ.”

ಅವನು ಎದ್ದು ಹೋಗಿ, ಚೀಟಿಯ ಕೆಳಗೆ ತಲೆ ಬಗ್ಗಿಸಿ ನೆಲಗೂಡಿನೊಳಕ್ಕೆ ನುಗ್ಗಿದ. ಯಾರೂ ತಡೆಯಲಿಲ್ಲ. ಹ್ಯೂ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಇದ್ವಾಲ್ ಬಾಗಿಲವರೆಗೂ ಬಂದ. ಅವ್ವನ ಚೀಟಿ ಓದಿದ. ಹೋಗೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಆದರೂ ತನ್ನ ಕಂಬಳಿಯನ್ನು ಎಳೆದುಕೊಂಡು ಹೊರಗಿನ ಕಟ್ಟೆಗೆ ಹೋದ.

ಅಂದಿನಿಂದ ಪ್ರತಿ ಬೆಳಗ್ಗೆ ಗೊರೊನ್ವಿ ಎಲ್ಲರ ಮುಂದೆ ಕೈಯೊಡ್ಡುತ್ತಿದ್ದ. “ಕೊಡಪ್ಪಾ ಜೊತೆಗಾರ.” ಇದ್ವಾಲ್ ಒಂದೊಂದು ಬತ್ತಿಯನ್ನೂ ಮೂರು ಮೂರು ಸಲ ಅಳೆದು ಕೊಡುತ್ತಿದ್ದ. ಆಮೇಲೆ ತಿರುವಿನಲ್ಲಿ ಎಣಿಸುತ್ತ ಕೂರುತ್ತಿದ್ದ. ಎರಡು ಎನ್ನುವಷ್ಟರಲ್ಲಿ ಅವನ ಉಸಿರು ನಿಲ್ಲುತ್ತಿತ್ತು. ನಾಲ್ಕಕ್ಕೆ ಢಮ್ ಎಂದಾಗ ಮತ್ತೆ ಬರುತ್ತಿತ್ತು. ಮರುದಿನ ಬೆಳಗ್ಗೆ ಅದೇ ಕೈ ಮತ್ತೆ ಅವನ ಮುಂದಿರುತ್ತಿತ್ತು.